ಹಿಂದಿನ ಫ್ಯಾನಿನ ಬಿಸಿಗಾಳಿ

ಇದನ್ನು ಹೇಳಬೇಕೆಂದು ಎಷ್ಟೋ ಸಲ ಕುಳಿತು, ಬೇರೆ ಏನನ್ನೋ ಬರೆದು ಎದ್ದಿದ್ದೇನೆ. ಪ್ರೆಸ್ಸಿನ ಕಥೆ, ಸೀಸದ ಮೊಳೆಗಳ ಕಥೆ ಎಲ್ಲ ಬರೆದಾಯಿತು. ಕಂಪ್ಯೂಟರಿನ ಹತ್ತಿರ ಬಂದಾಗಲೆಲ್ಲ ಕೈ ನಿಲ್ಲುತ್ತಿತ್ತು.

ಊಟಿಯ ಒಂದು ಸಣ್ಣ ಪ್ರೆಸ್ಸಿನಲ್ಲಿ ನಾನು ಅಚ್ಚಿನ ಮೊಳೆ ಜೋಡಿಸುತ್ತಿದ್ದೆ. ನನ್ನ ಹಳ್ಳಿ ತುಮ್ಮನಟ್ಟಿಯಿಂದ ಮೊದಲ ಬಸ್ಸಿನಲ್ಲಿ ಬಂದು ಬಾಗಿಲು ತೆರೆಯುವುದೂ ನನ್ನದೇ ಕೆಲಸ. ಎರಡು ಸಾವಿರದ ಇಸವಿ ದಾಟಿ ಒಂದೆರಡು ವರ್ಷವಾಗಿತ್ತು. ಪ್ರೆಸ್ಸಿನ ಯಜಮಾನರು, ನಮ್ಮ ಮುದಲಾಳಿ, ಕಂಪ್ಯೂಟರ್ ತಂದರು. ಅದನ್ನು ಬಲ್ಲ, ಬೆಟ್ಟದ ಕೆಳಗಿನ ಸೆಕೆಯ ಊರು ಮಸಿನಗುಡಿಯ ಒಬ್ಬ ಹುಡುಗಿಯನ್ನು ಕೆಲಸಕ್ಕೆ ಇಟ್ಟುಕೊಂಡರು. ಆರು ತಿಂಗಳು ನೋಡಿ ಖಾಯಂ ಮಾಡುತ್ತೇನೆ ಎಂದಿದ್ದರು. ಅವಳು ಚಿಕ್ಕಮ್ಮನ ಮನೆಯಲ್ಲಿದ್ದು, ಎರಡು ಸ್ವೆಟರ್ ತೊಟ್ಟು ನಡುಗುತ್ತ ಬರುತ್ತಿದ್ದಳು.

ಮಂಜಿಗೆ ಕೆಡುತ್ತದೆಂದು ಮುದಲಾಳಿ ಕಂಪ್ಯೂಟರಿನ ಪೆಟ್ಟಿಗೆಯನ್ನು ಮರದ ಗೂಡಿನಲ್ಲಿಟ್ಟು ಪರದೆ ಕಟ್ಟಿಸಿದ್ದರು. ಮಧ್ಯಾಹ್ನವಾಗುತ್ತಲೇ ಅದು ತಾನಾಗಿ ಆರಿಹೋಗುತ್ತಿತ್ತು.

"ಇದಕ್ಕೆ ಉಸಿರು ಕಟ್ತಿದೆ ಅಣ್ಣ," ಎಂದಳು ಹುಡುಗಿ. ಪೆಟ್ಟಿಗೆಯನ್ನು ಹೊರಗೆಳೆದು, ಗೋಡೆಯಿಂದ ಒಂದು ಗೇಣು ದೂರ ಇಟ್ಟಳು. ಚಿಕ್ಕ ಫ್ಯಾನುಗಳು ಬೇಕೆಂದು ನನ್ನನ್ನು ಬಜಾರಿಗೆ ಕಳುಹಿಸಿದಳು. "ಊಟಿಗೆ ಫ್ಯಾನಾ? ಕಂಬಳಿ ಬೇಕಿದ್ರೆ ಹೇಳಿ," ಎಂದು ಅಂಗಡಿಯವನು ನಕ್ಕ. ಕೊನೆಗೆ ಮೈಸೂರು ಬಸ್ಸಿನ ಕಂಡಕ್ಟರಿಗೆ ಹೇಳಿ ಅವಳೇ ಎರಡು ತರಿಸಿದಳು. ಅವನ್ನು ತಿರುಪು ಹಾಕಿ ಕೂರಿಸಿ, ಊದುಬತ್ತಿ ಹಚ್ಚಿ ಪೆಟ್ಟಿಗೆಯ ಮುಂದೆ ಹಿಡಿದಳು.

"ಏನಮ್ಮಾ, ಪೆಟ್ಟಿಗೆಗೆ ಪೂಜೆಯಾ?" ಎಂದೆ ನಾನು.

"ಗಾಳಿಯ ದಾರಿ ನೋಡ್ತಿದ್ದೀನಿ. ಮುಂದಿನದು ಎಳೀಬೇಕು, ಹಿಂದಿನದು ತಳ್ಳಬೇಕು. ಎರಡೂ ಎಳೆದ್ರೆ ಬಿಸಿ ಎಲ್ಲಿಗೆ ಹೋಗುತ್ತೆ? ನಮ್ಮೂರಲ್ಲಿ ಮನೇನೂ ಹಂಗೇ ಕಟ್ಟೋದು. ನಿಮ್ಮ ಊಟಿಯವರಿಗೆ ಸಂದು ಕಂಡ್ರೆ ಬಟ್ಟೆ ತುರುಕೋದು ಮಾತ್ರ ಗೊತ್ತು."

ಹೊಗೆಯ ಎಳೆ ಮುಂದಿನಿಂದ ಒಳಹೊಕ್ಕು ಹಿಂದಿನಿಂದ ಹೊರಬಂತು. ಅವಳ ಮುಖದಲ್ಲಿದ್ದ ಆ ಸಂತೋಷ ಇವತ್ತಿಗೂ ನನ್ನ ಕಣ್ಣಿಗೆ ಕಟ್ಟಿದಂತಿದೆ. ಆಮೇಲೆ ಪೆಟ್ಟಿಗೆ ಆರಲಿಲ್ಲ. ಅವಳ ಕೀಲಿಗಳ ಟಕಟಕ, ನನ್ನ ಮೊಳೆಗಳ ಸದ್ದು, ಮಸಿಯ ವಾಸನೆ. ನನ್ನ ಜೀವನದಲ್ಲಿ ಅಷ್ಟು ಹಿತವಾದ ದಿನಗಳು ಹೆಚ್ಚಿಲ್ಲ.

ಜನವರಿಯಲ್ಲಿ ಹುಲ್ಲಿನ ಮೇಲೆ ಹಿಮ ಕಟ್ಟಿತು. ಬೆಳಿಗ್ಗೆ ಸೀಸದ ಮೊಳೆ ಮುಟ್ಟಿದರೆ ಬೆರಳು ಸೆಟೆದುಕೊಳ್ಳುತ್ತಿತ್ತು. ಹಿಂದಿನ ಫ್ಯಾನು ತಳ್ಳುವ ಗಾಳಿ ಬೆಚ್ಚಗಿರುತ್ತದೆಂದು ನಾನು ಕಂಡುಕೊಂಡಿದ್ದೆ. ಅವಳು ಬರುವ ಮೊದಲೇ ಗುಂಡಿ ಒತ್ತಿ, ಅದಕ್ಕೆ ಕೈ ಒಡ್ಡಿ ಕೂರುತ್ತಿದ್ದೆ. ಗಾಳಿ ಇನ್ನೂ ಬಿಸಿಯಾಗಲೆಂದು ಮುಂದಿನ ತೂತುಗಳಿಗೆ ರಟ್ಟು ಒರಗಿಸುತ್ತಿದ್ದೆ. ಇಬ್ಬನಿಗೆ ನೆಂದ ಉಣ್ಣೆಯ ಟೋಪಿಯನ್ನು ಹಿಂದಿನ ಫ್ಯಾನಿಗೆ ಹೊದಿಸಿ ಒಣಗಿಸುತ್ತಿದ್ದೆ. ಅವಳು ಬರುವಷ್ಟರಲ್ಲಿ ಎಲ್ಲ ತೆಗೆದಿಡುತ್ತಿದ್ದೆ.

ಒಂದು ದಿನ ಹಾಗೆಯೇ ಬಿಟ್ಟು ಚಹಾಕ್ಕೆ ಹೋದೆ. ಪರಿಚಯದವರು ಸಿಕ್ಕರು, ಮಾತು ಬೆಳೆಯಿತು. ಹಿಂತಿರುಗಿದಾಗ ಕೋಣೆಯಲ್ಲಿ ಸುಟ್ಟ ವಾಸನೆ. ಟೋಪಿ, ರಟ್ಟು ತೆಗೆದೆ, ಸ್ವಿಚ್ಚು ಆರಿಸಿದೆ, ಕಿಟಕಿ ತೆರೆದೆ. ನನ್ನ ಮೊಳೆಗಳ ಮುಂದೆ ಹೋಗಿ ನಿಂತೆ.

ಅವಳು ಬಂದು ಗುಂಡಿ ಒತ್ತಿದಳು. ಪೆಟ್ಟಿಗೆ ಏಳಲಿಲ್ಲ. ಮುದಲಾಳಿ ಬಂದರು.

"ತಿರುಪುಳಿ ಹಿಡಿದವರೆಲ್ಲ ಮೆಕ್ಯಾನಿಕ್ಕಾ? ಇದನ್ನ ಬಿಚ್ಚೋಕೆ ನಿನಗೆ ಯಾರಮ್ಮ ಹೇಳಿದ್ದು?"

ಅವಳು ನನ್ನ ಕಡೆ ತಿರುಗಿದಳು. "ಅಣ್ಣ, ಫ್ಯಾನ್ ಹಾಕಿದ ಮೇಲೆ ಚೆನ್ನಾಗೇ ಓಡ್ತಿತ್ತಲ್ಲ. ನೀವೇ ಹೇಳಿ."

"ಇದೆಲ್ಲ ನನಗೇನು ಗೊತ್ತಾಗುತ್ತೆ," ಎಂದೆ.

ಅವತ್ತೇ ಅವಳನ್ನು ಕೆಲಸದಿಂದ ಬಿಡಿಸಿದರು.

ಎರಡು ತಿಂಗಳ ಮೇಲೆ ಹೊಸ ಪೆಟ್ಟಿಗೆ ಬಂತು. ಅವಳಷ್ಟು ಚುರುಕಾಗಿ ಕೆಲಸ ಮಾಡುವವರು ಸಿಗಲಿಲ್ಲ. ಮುದಲಾಳಿ ನನ್ನನ್ನೇ ಕರೆದು, "ಹೋಗಿ ಕರ್ಕೊಂಡು ಬಾ," ಎಂದರು. ಮಸಿನಗುಡಿಗೆ ಇಳಿಯುವ ಬಸ್ಸಿನಲ್ಲಿ, ಒಂದೊಂದು ತಿರುವಿನಲ್ಲೂ ಹೇಳಬೇಕಾದ ಮಾತನ್ನು ಜೋಡಿಸಿಕೊಂಡೆ.

ಮುದಲಾಳಿ ಕರೆದಿದ್ದಾರೆ ಎಂದಷ್ಟೇ ಹೇಳಿದೆ. ಅವಳು ಒಂದೇ ಮಾತು ಕೇಳಿದಳು. "ತಪ್ಪು ನಂದಲ್ಲ ಅಂತ ಅವರಿಗೆ ಗೊತ್ತಾಯ್ತಾ?"

"ಅದೆಲ್ಲ ಈಗ ಯಾಕಮ್ಮಾ. ಅವರು ಮರೆತಿದ್ದಾರೆ."

"ಮರೆತ್ರೆ ಆಗಲ್ಲ ಅಣ್ಣ. ನಾಳೆ ಇನ್ನೊಂದು ಕೆಟ್ರೂ ನನ್ನನ್ನೇ ನೋಡ್ತಾರೆ."

"ಸುಮ್ನೆ ಹೋಗೇ, ಮನೆ ಬಾಗಿಲಿಗೆ ಬಂದ ಕೆಲಸ," ಎಂದು ಅವಳ ಅಮ್ಮ ಗದರಿಸಿದರು. ಅವಳು ಇಲ್ಲವೆಂದು ತಲೆಯಾಡಿಸಿದಳು. ನನ್ನನ್ನು ಬಸ್ಸಿನವರೆಗೆ ಕಳುಹಿಸಲು ಬಂದಳು. ಬಸ್ಸು ತಡವಾಗಿತ್ತು. ಅರ್ಧ ಗಂಟೆ ಇಬ್ಬರೂ ರಸ್ತೆಯ ಪಕ್ಕ ನಿಂತಿದ್ದೆವು. ನಾನು ಒಂದು ವಾಕ್ಯ ಹೇಳಿದ್ದರೆ ಅವಳು ಅದೇ ಬಸ್ಸು ಹತ್ತುತ್ತಿದ್ದಳು. ನಾನು ಮಳೆಯ ವಿಷಯ ಮಾತಾಡಿದೆ.

ಮುದಲಾಳಿಗೆ, "ಅವಳಿಗೆ ಇಷ್ಟವಿಲ್ಲ" ಎಂದು ಹೇಳಿದೆ. ಆ ಸುಳ್ಳಿಗೆ ಅವರು ತೀರಿಕೊಳ್ಳುವ ಮೊದಲು ಅವರ ಕ್ಷಮೆ ಕೇಳಿದೆ, ಅವರು ನಕ್ಕುಬಿಟ್ಟರು. ಕೇಳಬೇಕಾಗಿದ್ದದ್ದು ಅವರನ್ನಲ್ಲ. ನನ್ನನ್ನು ಅಣ್ಣ ಎಂದು ನಂಬಿ ತಿರುಗಿ ನೋಡಿದ ಆ ಮಸಿನಗುಡಿಯ ಹುಡುಗಿಯನ್ನು.