ಪಾವಗಡದ ಫೈಲು

ನಸೀಮಾ ಮಾಡದ ತಪ್ಪನ್ನು ಅವಳ ತಲೆಗೆ ಕಟ್ಟಿದವನು ನಾನು. ತಪ್ಪು ನನ್ನದು — ಮೊದಲಿನಿಂದ ಕೊನೆಯವರೆಗೂ ನನ್ನದೇ. ಅವಳ ಕೆಲಸ ಹೋಯಿತು. ಅವಳು ಬರೆದಿಟ್ಟು ಹೋದದ್ದನ್ನು ಓದಿ ನಾನು ಕೆಲಸ ಕಲಿತೆ. ಈಗ ಮಧುಗಿರಿಯಲ್ಲಿ ಹುಡುಗ ಹುಡುಗಿಯರಿಗೆ ವೆಬ್‌ಸೈಟ್ ಮಾಡುವುದನ್ನು ಹೇಳಿಕೊಡುತ್ತೇನೆ. ಲೋಕೇಶ್ ಸರ್ ಕೋಡು ನೀಟಾಗಿರುತ್ತದೆ ಎಂದು ಹೆಸರೂ ಇದೆ. ಆ ನೀಟು ಕೂಡ ಅವಳದೇ.

ಒಂದು ತಪ್ಪನ್ನು ಬಹಳ ವರ್ಷ ಒಳಗೇ ಇಟ್ಟುಕೊಂಡರೆ ಆ ಜಾಗ ಮರಗಟ್ಟಿಹೋಗುತ್ತದೆ — ಚಿವುಟಿದರೂ ಗೊತ್ತಾಗುವುದಿಲ್ಲ. ಇಷ್ಟು ವರ್ಷ ಗೊತ್ತೇ ಆಗಲಿಲ್ಲ ಎನ್ನುವುದೇ ಈಗ ನನಗೆ ಭಯ.

ಆಗ ನಾನು ಶಿರಾದಲ್ಲಿದ್ದೆ. ಬುಕ್ಕಾಪಟ್ಟಣದಿಂದ ದಿನಾ ಬಸ್ಸಿನಲ್ಲಿ ಬಂದು ಹೋಗುತ್ತಿದ್ದೆ. ತಿಮ್ಮರಾಜು ಅವರ ಟೈರ್ ಅಂಗಡಿಯ ಮಹಡಿಯ ಮೇಲೆ ನಮ್ಮ ಆಫೀಸು. ಅಂಗಡಿಯೂ ಅವರದೇ, ಆಫೀಸೂ ಅವರದೇ. ಕೆಳಗಿನಿಂದ ರಬ್ಬರಿನ ವಾಸನೆ ಮೇಲೆ ಬರುತ್ತಿತ್ತು, ಊಟದ ಡಬ್ಬಿ ತೆರೆದರೂ ಅದೇ ವಾಸನೆ. ತಿಮ್ಮರಾಜು ಅವರಿಗೆ ಕಂಪ್ಯೂಟರ್ ಗೊತ್ತಿರಲಿಲ್ಲ, ಜನ ಗೊತ್ತಿದ್ದರು. ಶಿರಾ, ಮಧುಗಿರಿ, ಕೊರಟಗೆರೆ, ಪಾವಗಡ — ನಾಲ್ಕೂ ಕಡೆ ಒಂದೊಂದು ಕಲ್ಯಾಣ ಮಂಟಪದವರನ್ನು ಒಪ್ಪಿಸಿ, ಎಲ್ಲರಿಗೂ ಸೇರಿ ಒಂದು ವೆಬ್‌ಸೈಟ್ ಮಾಡಿಸಲು ಹೊರಟರು. ಯಾವ ದಿನ ಮಂಟಪ ಖಾಲಿ ಇದೆ ಎಂದು ಮನೆಯಿಂದಲೇ ನೋಡಿ, ಅಲ್ಲಿಂದಲೇ ಬುಕ್ ಮಾಡಬೇಕು. ಬರೆಯುವವನು ನಾನೊಬ್ಬನೇ.

ಶಿರಾ ಮಂಟಪಕ್ಕೆ ಮೊದಲು ಬರೆದೆ. ಮಧುಗಿರಿಗೆ ಅದೇ ಫೈಲನ್ನು ಕಾಪಿ ಮಾಡಿ ಊರಿನ ಹೆಸರು ಬದಲಾಯಿಸಿದೆ. ಕೊರಟಗೆರೆಗೂ ಹಾಗೇ. ಪಾವಗಡಕ್ಕೂ ಹಾಗೇ. ಒಂದರಲ್ಲಿ ಏನಾದರೂ ಕೆಟ್ಟರೆ ಅಲ್ಲೇ ಒಂದು ತೇಪೆ ಹಾಕುತ್ತಿದ್ದೆ. ಉಳಿದ ಮೂರರಲ್ಲಿ ಹಾಕುತ್ತಿದ್ದೆನೇ? ನೆನಪಾದರೆ ಹಾಕುತ್ತಿದ್ದೆ. ಕೋಡಿನ ಒಳಗೆ ಒಂದೊಂದು ಲೆಕ್ಕಕ್ಕೆ ಇಟ್ಟ ಹೆಸರುಗಳೆಲ್ಲ ಎಕ್ಸ್ ಒನ್, ಟೆಂಪ್, ಟೆಂಪ್ ಟೂ. ಯಾವುದು ಏನು ಎಂದು ನನಗೆ ಮಾತ್ರ ಗೊತ್ತು. ಅದೇ ನನ್ನ ಜಂಬವಾಗಿತ್ತು — ಇವನಿಲ್ಲದಿದ್ದರೆ ಆಗುವುದಿಲ್ಲ ಅನ್ನಿಸಿಕೊಳ್ಳುವ ಜಂಬ.

ಆಮೇಲೆ ನಸೀಮಾ ಸೇರಿದಳು. ಶಿರಾದವಳೇ, ಅವಳ ಅಬ್ಬಾಗೆ ಗಡಿಯಾರ ರಿಪೇರಿ ಅಂಗಡಿ. ಬಂದ ಮೊದಲ ವಾರ ನನ್ನ ಫೈಲುಗಳನ್ನು ಸುಮ್ಮನೆ ಓದಿದಳು. ಮನಸ್ಸಿನಲ್ಲಿ ಅಲ್ಲ, ಬಾಯಿಬಿಟ್ಟು. ಅದು ಅವಳ ರೀತಿ. ಕೋಡನ್ನು ಫೋನಿನಲ್ಲಿ ಯಾರಿಗೋ ಓದಿ ಹೇಳಿದರೂ ಅರ್ಥವಾಗಬೇಕು ಎನ್ನುತ್ತಿದ್ದಳು.

"ಲೋಕೇಶಣ್ಣ, ಟೆಂಪ್ ಟೂ ಅಂದ್ರೆ ಯಾರು?" ಎಂದು ಒಂದು ದಿನ ಕೇಳಿದಳು.

"ಭಾನುವಾರದ ಮದ್ವೆ ಕಣಮ್ಮ."

"ಮತ್ತೆ ಅಂಗೇ ಹೆಸ್ರಿಡಿ. ಭಾನುವಾರದ ಮದ್ವೇನ ಟೆಂಪ್ ಟೂ ಅಂತ ಯಾರಾದ್ರೂ ಕರೀತಾರಾ?"

ನಕ್ಕೆ. ಒಳಗೆ ಉರಿಯಿತು.

ನಮ್ಮ ಕಡೆ ಭಾನುವಾರದ ಮದುವೆ ಎಂದರೆ ಶನಿವಾರವೇ ಶುರು. ಶನಿವಾರ ಮಧ್ಯಾಹ್ನ ಅಡುಗೆಯವರು ಬರುತ್ತಾರೆ, ಸಂಜೆ ಆರತಕ್ಷತೆ, ಮಾರನೆಯ ಬೆಳಿಗ್ಗೆ ಮುಹೂರ್ತ. ಅಂದರೆ ಯಾರಾದರೂ ಭಾನುವಾರ ಬುಕ್ ಮಾಡಿದರೆ ಶನಿವಾರ ಸಂಜೆಯೂ ಮುಚ್ಚಬೇಕು. ನಿಕಾ ಆದ ಮೇಲಿನ ವಲೀಮಾ ಊಟ, ನಿಶ್ಚಿತಾರ್ಥ, ನಾಮಕರಣ — ಇವಕ್ಕೆ ಆ ಒಂದು ದಿನ ಸಾಕು. ಇದನ್ನು ನಾನು ಯೋಚಿಸಿಯೇ ಇರಲಿಲ್ಲ. ಶಿರಾದ ಮಂಟಪದವರು ಬೈದ ಮೇಲೆ ಶಿರಾದ ಫೈಲಿನಲ್ಲಿ ಮದುವೆಯ ಶುರುವನ್ನು ಒಂದು ದಿನ ಹಿಂದೆ ಸರಿಸಿದೆ. ಪಾವಗಡದವರು ಬೈದಿರಲಿಲ್ಲ. ಪಾವಗಡದ ಫೈಲು ಹಾಗೇ ಉಳಿಯಿತು.

ನಸೀಮಾ ನಾಲ್ಕು ಫೈಲನ್ನೂ ತೆಗೆದು ಒಂದು ಮಾಡಿದಳು. ಮದುವೆ ದಿನ ಯಾವಾಗ ಶುರುವಾಗುತ್ತದೆ ಎನ್ನುವುದನ್ನು ಒಂದೇ ಕಡೆ ಬರೆದಳು. ಒಂದೊಂದು ಊರಿನ ಬಾಡಿಗೆ, ಹೆಚ್ಚಿನ ಖರ್ಚು, ಎಲ್ಲಕ್ಕೂ ಜಾಗ ಬಿಟ್ಟಳು. ಬರಿಯ ಹೆಸರು ಓದಿದರೆ ಸಾಕು, ಏನು ನಡೆಯುತ್ತಿದೆ ಎಂದು ತಿಳಿಯುತ್ತಿತ್ತು.

"ಒಂದೇ ಮಾತು ನಾಲ್ಕು ಕಡೆ ಹೇಳಿದ್ರೆ ಯಾವುದಾದ್ರೂ ಒಂದು ಕಡೆ ಸುಳ್ಳಾಗ್ತೈತೆ ಅಣ್ಣ," ಎಂದಳು. "ಒಂದೇ ಕಡೆ ಹೇಳ್ಬೇಕು."

ತಿಮ್ಮರಾಜು ಖುಷಿಯಾದರು. ಹೊಸ ಕೆಲಸ ಬಂದರೆ ಅವಳ ಮೇಜಿಗೆ ಹೋಗತೊಡಗಿತು. ಬರುವ ವರ್ಷದಿಂದ ಮಹಡಿಯ ಜವಾಬ್ದಾರಿಯೆಲ್ಲ ಅವಳಿಗೇ ಕೊಡುತ್ತೇನೆ ಎಂದು ನನ್ನೆದುರೇ ಹೇಳಿದರು. ಅವಳಿಗೆ ಅದು ಬೇಕಿತ್ತು, ಬೇಕು ಎನ್ನುವುದನ್ನು ಮುಚ್ಚಿಡುತ್ತಲೂ ಇರಲಿಲ್ಲ. "ನಂಗೆ ಇದೊಂದೇ ಕೆಲ್ಸ ಇಷ್ಟ ಅಣ್ಣ. ಊಟ ಮರ್ತೋಗೋ ಅಷ್ಟು," ಎಂದು ನನ್ನ ಹತ್ತಿರವೇ ಹೇಳಿದ್ದಳು. ಹೇಳಲು ಅವಳಿಗೆ ಬೇರೆ ಯಾರಿದ್ದರು — ಆ ಕೋಣೆಯಲ್ಲಿ ನಾನೇ ತಾನೇ ಇದ್ದದ್ದು.

ಅವಳು ಯಾವುದೋ ನೆಂಟರ ಮನೆಗೆಂದು ರಜೆ ಹಾಕಿದ್ದ ದಿನ ಪಾವಗಡದ ಮಂಟಪದ ರಾಮಾಂಜಿನಪ್ಪ ಫೋನ್ ಮಾಡಿದ. ಜನರೇಟರ್ ಬಾಡಿಗೆ ಬೇರೆಯಾಗಿ ಸೇರಿಸಬೇಕು, ಇವತ್ತೇ ಆಗಬೇಕು. ಅಷ್ಟೇ ಕೆಲಸ. ನಾನು ನನ್ನ ಪಾವಗಡದ ಫೈಲನ್ನು ಹುಡುಕಿದೆ. ಇರಲಿಲ್ಲ. ಎಲ್ಲಾ ಅವಳ ಒಂದೇ ಫೈಲಿನಲ್ಲಿತ್ತು. ಸಮಾಧಾನವಾಗಿ ಕೂತು ಓದಿದ್ದರೆ ಅವಳು ಬಿಟ್ಟಿದ್ದ ಜಾಗ ಕಾಣುತ್ತಿತ್ತು. ಅವಳಿಗೊಂದು ಫೋನ್ ಮಾಡಿದ್ದರೂ ಆಗುತ್ತಿತ್ತು. ಆದರೆ ನಿನ್ನೆ ಮೊನ್ನೆ ಬಂದವಳನ್ನು ನಾನು — ಅದು ಹೇಗೆ ಕೇಳುವುದು? ನನ್ನ ಹಳೆಯ ಪಾವಗಡದ ಫೈಲು ಪೆನ್‌ಡ್ರೈವಿನಲ್ಲಿತ್ತು. ಅದಕ್ಕೆ ಜನರೇಟರ್ ಸೇರಿಸಿ, ಅವಳದನ್ನು ಪಾವಗಡದ ಮಟ್ಟಿಗೆ ತಪ್ಪಿಸಿ, ನನ್ನದನ್ನೇ ಮತ್ತೆ ಏರಿಸಿದೆ. ಟೀ ತರಿಸಿಕೊಂಡು ಕುಡಿದೆ. ಗೆದ್ದವನ ಹಾಗೆ ಕುಡಿದೆ ಎಂದು ಈಗ ಹೇಳಬೇಕು.

ಅವಳು ವಾಪಸ್ಸು ಬಂದಾಗ ಹೇಳಲಿಲ್ಲ. ಹೇಳೋಣ ಅಂದುಕೊಂಡೆ, ಅವಳು ಬೇರೆ ಕೆಲಸದಲ್ಲಿದ್ದಳು, ಆಮೇಲೆ ಮರೆತೂಹೋಯಿತು.

ಮದುವೆ ಕಾಲ ಬಂತು. ಪಾವಗಡದಲ್ಲಿ ಒಂದು ಮನೆಯವರು ಭಾನುವಾರದ ಮದುವೆಗೆ ಬುಕ್ ಮಾಡಿದ್ದರು. ನನ್ನ ಫೈಲಿನ ಲೆಕ್ಕದಲ್ಲಿ ಶನಿವಾರ ಸಂಜೆ ಖಾಲಿ. ಇನ್ನೊಂದು ಮನೆಯವರು ಅದೇ ಶನಿವಾರಕ್ಕೆ ವಲೀಮಾ ಊಟ ಬುಕ್ ಮಾಡಿದರು. ಇಬ್ಬರಿಗೂ ರಸೀದಿ ಹೋಗಿತ್ತು, ಇಬ್ಬರೂ ಬಂದರು.

ತಿಮ್ಮರಾಜು ಅವರ ಜೊತೆ ನಾನೂ ಹೋದೆ. ಅಡುಗೆಮನೆ ಬಾಗಿಲಲ್ಲಿ ಎರಡು ಕಡೆಯ ಅಡುಗೆಯವರೂ ಪಾತ್ರೆ ಇಳಿಸಿಕೊಂಡು ನಿಂತಿದ್ದರು. ರಾಮಾಂಜಿನಪ್ಪ ಹೆಗಲ ಟವೆಲ್ ಕೈಯಲ್ಲಿ ಹಿಡಿದು, ತನ್ನ ತೆಲುಗು ಬೆರೆತ ಮಾತಿನಲ್ಲಿ, "ಏಮಿ ಸ್ವಾಮಿ ಇದಿ? ಒಂದೇ ಹೊತ್ನಾಗೆ ಇಬ್ರಿಗೂ ಕೊಟ್ಬುಟ್ಟಿದ್ದೀರಲ್ಲ! ಊರಾಗೆ ನಾನ್ ಹೆಂಗೆ ತಲೆ ಎತ್ಲಿ?" ಎಂದ. ಜಗಳ ಆಗಿದ್ದರೆ ನನಗೆ ಹಗುರವಾಗುತ್ತಿತ್ತು. ಆಗಲಿಲ್ಲ. ವಲೀಮಾ ಮನೆಯ ಹಿರಿಯರೊಬ್ಬರು ಮುಂದೆ ಬಂದು, "ಅವ್ರ್ದು ನಾಳೆ ಮುಹೂರ್ತ ಐತೆ. ನಮ್ದು ಊಟ ತಾನೆ, ನಾವು ಆಚೆ ಬಡಿಸ್ಕಂತೀವಿ ಬುಡಿ," ಎಂದು ತಮ್ಮವರನ್ನು ಕರೆದುಕೊಂಡು ಮಂಟಪದ ಹಿಂದಿನ ಬಯಲಿಗೆ ಹೋದರು. ಪಾವಗಡದ ಗಾಳಿ. ತಟ್ಟೆಗೆ ಧೂಳು ಬೀಳದ ಹಾಗೆ ಹೆಂಗಸರು ಸೆರಗು ಅಡ್ಡ ಹಿಡಿದು ಮಕ್ಕಳಿಗೆ ಉಣಿಸುತ್ತಿದ್ದರು. ಮದುಮಗ ಹೊಸ ಶೆರ್ವಾನಿಯಲ್ಲಿ ತಾನೇ ಕುರ್ಚಿ ಹೊತ್ತು ಹಾಕುತ್ತಿದ್ದ. ನಾನು ನೋಡುತ್ತಾ ನಿಂತಿದ್ದೆ. ಏನೂ ಅನಿಸಲಿಲ್ಲ. ಕಿವಿಯಲ್ಲಿ ಜನರೇಟರ್ ಸದ್ದು ಮಾತ್ರ ಇತ್ತು.

ಕಾರಿನ ಹತ್ತಿರ ತಿಮ್ಮರಾಜು ಕೇಳಿದರು. "ಯಾರ್ಲಾ ಇದನ್ನ ಮುಟ್ಟಿದ್ದು?"

ನಾನು ಹೇಳಿದೆ. "ನಸೀಮಾ ಎಲ್ಲಾ ಬದ್ಲಾಯಿಸಿದ್ಲಲ್ಲ ಸರ್. ಅವ್ಳು ಮುಟ್ಟಿದ್ಮೇಲೇ ಇಂಗಾಗಿರೋದು."

ಒಂದೊಂದೇ ಪದ ತೆಗೆದು ನೋಡಿದರೆ ಇದರಲ್ಲಿ ಸುಳ್ಳಿಲ್ಲ. ಅವಳು ಬದಲಾಯಿಸಿದ್ದು ನಿಜ, ಆಮೇಲೆ ಹೀಗಾದದ್ದೂ ನಿಜ. ಹಾಗೆಂದು ನನಗೆ ನಾನೇ ಎಷ್ಟು ಸಲ ಹೇಳಿಕೊಂಡಿದ್ದೇನೋ. ನಡುವೆ ನನ್ನ ಕೈ ಬಂದದ್ದನ್ನು ಬಿಟ್ಟೆ — ಅಷ್ಟನ್ನೇ ಬಿಟ್ಟೆ.

ಸೋಮವಾರ ತಿಮ್ಮರಾಜು ಅವಳಿಗೆ ಇನ್ನು ಬರುವುದು ಬೇಡ ಎಂದರು. ಅವಳು, "ಒಂದ್ಸಲ ನೋಡ್ತೀನಿ ಸರ್, ಏನಾಗೈತೆ ಅಂತ," ಎಂದಳು.

"ನೋಡಿದ್ದು ಸಾಕು ಕಣಮ್ಮ. ಊರೋರ ಮುಂದೆ ಮಾನ ಹೋಯ್ತು."

ಅವಳು ನನ್ನ ಕಡೆ ತಿರುಗಿದಳು. ನಾನು ಕೀಬೋರ್ಡಿನ ಧೂಳು ಒರೆಸುತ್ತಿದ್ದೆ. ಅವಳು ಮನೆಯಿಂದ ತಂದಿದ್ದ ಮೌಸನ್ನು ಬಿಚ್ಚಿ ಬ್ಯಾಗಿಗೆ ಹಾಕಿಕೊಂಡು, ಡಬ್ಬಿ ತೆಗೆದುಕೊಂಡು ಮೆಟ್ಟಿಲಿಳಿದಳು. ಕೆಳಗೆ ಯಾರದೋ ಲಾರಿ ಟೈರಿಗೆ ಗಾಳಿ ತುಂಬುತ್ತಿದ್ದರು.

ಪಾವಗಡದ ಫೈಲನ್ನು ಆಮೇಲೂ ನಾನು ಸರಿ ಮಾಡಲಿಲ್ಲ. ಸರಿ ಮಾಡಿದರೆ ಏನು ತಪ್ಪಿತ್ತು ಎಂದು ತಿಮ್ಮರಾಜು ಕೇಳುತ್ತಾರಲ್ಲ. ಬುಕ್ ಆದ ಮೇಲೆ ಫೋನ್ ಮಾಡಿ ಖಾತ್ರಿ ಮಾಡಿಕೊಳ್ಳಿ ಎಂದು ರಾಮಾಂಜಿನಪ್ಪನಿಗೆ ಹೇಳಿ ಕೈ ತೊಳೆದುಕೊಂಡೆ. ಉಳಿದ ಮೂರು ಊರಿನಲ್ಲಿ ಅವಳ ಕೋಡೇ ಓಡುತ್ತಿತ್ತು. ಒಂದು ದಿನವೂ ತೊಂದರೆ ಕೊಡಲಿಲ್ಲ. ಅದನ್ನು ಕೂತು ಓದಿದೆ — ಅವಳ ಹಾಗೇ ಬಾಯಿಬಿಟ್ಟು. ಹೆಸರು ಇಡುವುದು ಕಲಿತೆ. ಒಂದು ಕೆಲಸಕ್ಕೆ ಒಂದೇ ಜಾಗ ಎನ್ನುವುದು ಕಲಿತೆ. ಬೇಡದ ಸಾಲನ್ನು ಇರಲಿ ಎಂದು ಉಳಿಸಿಕೊಳ್ಳದೆ ಅಳಿಸುವುದು ಕಲಿತೆ. ಆಫೀಸು ಮುಚ್ಚಿ ಟೈರ್ ಅಂಗಡಿ ಮಾತ್ರ ಉಳಿದ ಮೇಲೆ ಮಧುಗಿರಿಗೆ ಬಂದು ಪಾಠ ಶುರು ಮಾಡಿದೆ. ಮಂಟಪಗಳ ವೆಬ್‌ಸೈಟನ್ನು ಇವತ್ತಿಗೂ ನಾನೇ ನೋಡಿಕೊಳ್ಳುತ್ತೇನೆ.

ನಸೀಮಾ ಬೇರೆಲ್ಲೂ ಕೋಡು ಬರೆಯಲು ಹೋಗಲಿಲ್ಲ. ಊರಿನಲ್ಲಿ ಮಾತು ಹರಡಿತ್ತು, ಕರೆಯುವವರಿರಲಿಲ್ಲ. ಅಬ್ಬಾನ ಅಂಗಡಿಯ ಪಕ್ಕದಲ್ಲೇ ಆನ್‌ಲೈನ್ ಅರ್ಜಿ ಹಾಕಿಕೊಡುವ, ಪ್ರಿಂಟ್ ತೆಗೆಯುವ ಅಂಗಡಿ ಇಟ್ಟಿದ್ದಾಳೆ. ನಾನು ಶಿರಾಕ್ಕೆ ಹೋದರೆ ಆ ಬೀದಿಯಲ್ಲಿ ಹಾಯುವುದಿಲ್ಲ.

ಹೋದ ತಿಂಗಳು ಕ್ಲಾಸಿನಲ್ಲಿ ಎಂದಿನಂತೆ ಹೇಳಿದೆ. ಒಂದೇ ಮಾತು ನಾಲ್ಕು ಕಡೆ ಹೇಳಿದರೆ ಒಂದು ಕಡೆ ಸುಳ್ಳಾಗುತ್ತದೆ. ಹುಲಿಕುಂಟೆಯಿಂದ ಬರುವ ಪವಿತ್ರಾ ಎಂಬ ಹುಡುಗಿ ನಕ್ಕಳು.

"ಸರ್, ಶಿರಾದಲ್ಲಿ ನಸೀಮಕ್ಕ ಅಂತ ಅವ್ರೆ. ಅರ್ಜಿ ಹಾಕ್ಸಕ್ಕೆ ಹೋದಾಗ ಅವ್ರೂ ಇದೇ ಹೇಳಿದ್ರು, ಇಂಗೇನೇ. ನಿಮ್ಮತ್ರ ಕಲ್ತಿದ್ದಾ ಸರ್ ಅವ್ರು?"

ಇಲ್ಲ ಎನ್ನಲು ಒಂದು ಉಸಿರು ಸಾಕಿತ್ತು. ನಾನು "ಹೂಂ" ಎಂದೆ.

ಅವಳ ಕೆಲಸ ಕಿತ್ತುಕೊಂಡಿದ್ದೆ, ಈಗ ಅವಳ ಮಾತನ್ನೂ ಕಿತ್ತುಕೊಂಡೆ. ಏನೂ ಅನಿಸಲಿಲ್ಲ. ಪಾಠ ಮುಂದುವರಿಸಿದೆ.

ಮುಂದಿನ ವಾರ ಪವಿತ್ರಾ ಕ್ಲಾಸ್ ಮುಗಿದ ಮೇಲೆ ನನ್ನ ಮೇಜಿನ ಹತ್ತಿರ ಬಂದಳು. "ನಸೀಮಕ್ಕಂಗೆ ನಿಮ್ಮ ಹೆಸ್ರು ಹೇಳ್ದೆ ಸರ್. ನಿಮ್ಮತ್ರಾನೆ ಕಲ್ತಿದ್ದು ಅಂದ್ರಿ ಅಂತಾನೂ ಹೇಳ್ದೆ. ಅದಕ್ಕೆ, ಪಾವಗಡದ ಫೈಲು ಸರಿ ಮಾಡಿದ್ರಾ ಕೇಳು ಅಂದ್ರು. ಏನ್ ಸರ್ ಅದು?"

ವೆಬ್ ಪುಟದ ಕೋಡನ್ನು ಯಾರು ಬೇಕಾದರೂ ನೋಡಬಹುದು. ಪುಟ ತೆರೆದು, ಮೌಸಿನ ಬಲಗುಂಡಿ ಒತ್ತಿ, ವ್ಯೂ ಸೋರ್ಸ್ ಆರಿಸಿದರೆ ಆಯಿತು. ನಾನು ಮೊದಲ ದಿನದ ಕ್ಲಾಸಿನಲ್ಲಿ ಹೇಳಿಕೊಡುವುದೇ ಅದು. ನೋಡಿದ್ದು ಸಾಕು ಎಂದು ತಿಮ್ಮರಾಜು ಹೇಳಿದರೂ ಅವಳು ಮನೆಗೆ ಹೋಗಿ ನೋಡಿದ್ದಾಳೆ. ಪಾವಗಡದ ಪುಟದಲ್ಲಿ ಎಕ್ಸ್ ಒನ್ ಇತ್ತು, ಟೆಂಪ್ ಟೂ ಇತ್ತು. ಆ ಹೆಸರು ಇಡುವವನು ನಾಲ್ಕು ತಾಲ್ಲೂಕಿನಲ್ಲಿ ನಾನೊಬ್ಬನೇ ಎಂದು ಅವಳಿಗೆ ಗೊತ್ತಿತ್ತು. ಇಷ್ಟು ವರ್ಷ ಗೊತ್ತಿತ್ತು. ಯಾಕೆ ಯಾರಿಗೂ ಹೇಳಲಿಲ್ಲ — ನನಗೆ ತಿಳಿಯದು. ಊಹಿಸುವ ಹಕ್ಕು ನನಗಿಲ್ಲ.

"ನಾನೇ ಹೇಳ್ತೀನಿ ಹೋಗಮ್ಮ," ಎಂದು ಪವಿತ್ರಾಳನ್ನು ಕಳಿಸಿದೆ. ನಾಚಿಕೆಯಾಯಿತು. ಎಷ್ಟೋ ವರ್ಷಕ್ಕೆ, ಮೊದಲ ಸಲ, ನಾಚಿಕೆಯಾಯಿತು.

ನಸೀಮಾ, ಇದು ನಿನ್ನ ಪ್ರಶ್ನೆಗೆ ಉತ್ತರ. ಇಲ್ಲ. ಸರಿ ಮಾಡಿರಲಿಲ್ಲ. ನೀನು ನನ್ನ ಹತ್ತಿರ ಏನನ್ನೂ ಕಲಿಯಲಿಲ್ಲ, ನಾನೇ ನಿನ್ನ ಹತ್ತಿರ ಕಲಿತದ್ದು. ಸೋಮವಾರ ಕ್ಲಾಸಿನ ಪರದೆಯ ಮೇಲೆ ಪೆನ್‌ಡ್ರೈವಿನಲ್ಲಿರುವ ನನ್ನ ಹಳೆಯ ಫೈಲನ್ನೂ ನಿನ್ನದನ್ನೂ ಪಕ್ಕಪಕ್ಕ ತೆರೆದು ಇದನ್ನು ಹೇಳುತ್ತೇನೆ. ಅಲ್ಲಿಂದ ಬಸ್ಸು ಹತ್ತಿ ಟೈರ್ ಅಂಗಡಿಗೆ ಹೋಗಿ ತಿಮ್ಮರಾಜು ಅವರಿಗೆ ಹೇಳುತ್ತೇನೆ. ಪಾವಗಡಕ್ಕೂ ಹೋಗುತ್ತೇನೆ. ನಿನ್ನ ಅಂಗಡಿಗೆ ಬರುವುದಿಲ್ಲ — ಬಾ ಎಂದು ನೀನು ಹೇಳದೆ ಬರುವುದಿಲ್ಲ.

ಇವತ್ತು ಬೆಳಿಗ್ಗೆ ವೆಬ್‌ಸೈಟಿನಿಂದ ನನ್ನ ಫೈಲನ್ನು ಅಳಿಸಿ ನಿನ್ನದನ್ನು ಪಾವಗಡಕ್ಕೆ ಏರಿಸಿದೆ. ಭಾನುವಾರ ಬುಕ್ ಮಾಡಿ ನೋಡಿದೆ, ಶನಿವಾರ ಸಂಜೆ ತಾನಾಗೇ ಮುಚ್ಚಿಕೊಂಡಿತು. ನೀನು ಬಿಟ್ಟಿದ್ದ ಜಾಗದಲ್ಲಿ ಜನರೇಟರ್ ಬಾಡಿಗೆ ತುಂಬಿದ್ದೇನೆ. ಬೇರೆ ಏನನ್ನೂ ಮುಟ್ಟಿಲ್ಲ.