ಮೂರನೆಯ ಕೂಗು
ಕೋರ್ಟಿನ ಬಾಗಿಲಲ್ಲಿ ನಿಂತು ಕಕ್ಷಿದಾರರ ಹೆಸರು ಕೂಗುತ್ತಿದ್ದ ಜವಾನರೊಬ್ಬರು ನಿವೃತ್ತರಾದ ಮೇಲೆ ನ್ಯಾಯದಾನವನ್ನು ಸೋಫಾದ ಮೇಲಿಂದಲೇ ನಡೆಸುತ್ತಿದ್ದಾರೆ. ಮಗಳು ತಂದುಕೊಟ್ಟ ಅಂಗೈಯಗಲದ ಗೇಮ್ ಯಂತ್ರದಲ್ಲಿ ಕೋರ್ಟು ಆಟದ ಮೊದಲ ಭಾಗವನ್ನು ಗೆದ್ದು, ಈಗ ಎರಡನೆಯ ಭಾಗದ ಮೇಲೆ ದಂಡೆತ್ತಿ ಹೋಗಿರುವ ಈ ಮಹಾಶಯರು, ಪರದೆಯ ಮೇಲೆ ನ್ಯಾಯಾಧೀಶರು ಬಂದರೆ ಕಾಫಿ ಲೋಟದ ಸಮೇತ ಎದ್ದು ನಿಲ್ಲುತ್ತಾರೆ. ಆಕ್ಷೇಪಣೆಯ ಗುಂಡಿ ಒತ್ತುವಾಗಲಂತೂ, ವಕೀಲರ ಕೆಲಸಕ್ಕೆ ಕೈ ಹಾಕಿದ ಸಂಕೋಚದಿಂದ, ಬನಿಯನ್ನಿನ ಮೇಲೊಂದು ಅಂಗಿ ತೊಡುತ್ತಾರೆ. ಪ್ರತಿ ಸಾಕ್ಷಿಯ ಹೆಸರನ್ನೂ ಬೀದಿಗೆ ಕೇಳುವಂತೆ ಮೂರು ಸಲ ಕೂಗದಿದ್ದರೆ ಅವರಿಗೆ ಸಮಾಧಾನವಿಲ್ಲ. "ಅವನು ಬಂದಾಯ್ತು ಕಣ್ರೀ, ನಿಮ್ಮ ಕೈಯಲ್ಲೇ ಇದಾನೆ," ಎಂದು ಹೆಂಡತಿ ಹೇಳಿದರೆ, "ಕೂಗಿಸಿಕೊಳ್ಳದೆ ಬಂದ್ರೆ ಅದು ಹಾಜರಿ ಅಲ್ಲ ಕಣೆ," ಎನ್ನುತ್ತಾರೆ. ಇಂಥ ಶೂರರು ಮೂರು ವಾರದಿಂದ ಒಂದೇ ಕಡೆ ಸಿಕ್ಕಿಕೊಂಡಿದ್ದಾರೆ. ಆಟದಲ್ಲಿ ಮನೆ ಕಳೆದುಕೊಂಡ ಮುದುಕಿಯೊಬ್ಬಳು ವಿಚಾರಣೆಗೆ ಬಂದಿಲ್ಲ. ಕೇಸು ವಜಾ ಮಾಡಬೇಕೇ ಎಂದು ಯಂತ್ರ ಕೇಳುತ್ತದೆ, ಇವರು ಬೇಡ ಎಂದು ಒತ್ತುತ್ತಾರೆ, ಅದು ಮತ್ತೆ ಕೇಳುತ್ತದೆ. "ಹೌದು ಅಂತ ಒತ್ತಪ್ಪಾ, ಆಟ ಮುಂದಕ್ಕೆ ಹೋಗುತ್ತೆ," ಎಂದಳು ಮಗಳು. ಜವಾನರು ತಲೆಯೆತ್ತಲಿಲ್ಲ. "ಒಂದ್ಸಲ ಹೀಗೇ ಒಬ್ಬ ಅಜ್ಜಿ ಕೇಸಲ್ಲಿ, ಜಡ್ಜ್ ಸಾಹೇಬ್ರಿಗೆ ಅವಸರ ಅಂತ ಮೂರೂ ಕೂಗನ್ನ ಒಂದೇ ಉಸಿರಲ್ಲಿ ಮುಗಿಸಿಬಿಟ್ಟೆ ಕಣಮ್ಮ. ಕೇಸು ವಜಾ ಆದ್ಮೇಲೆ ಹೊರಗೆ ಬಂದು ನೋಡಿದ್ರೆ, ಆ ಅಜ್ಜಿ ಇನ್ನೂ ಕೊನೇ ಮೆಟ್ಟಿಲು ಹತ್ತುತಾ ಇದ್ಲು." ಅಷ್ಟರಲ್ಲಿ ಬ್ಯಾಟರಿ ಮುಗಿಯುತ್ತಿದೆಯೆಂದು ಯಂತ್ರದ ಕೆಂಪು ದೀಪ ಮಿನುಗತೊಡಗಿತು. ಮಗಳು ಚಾರ್ಜರ್ ತಂದು ಸಿಕ್ಕಿಸಿದಳು.