ರಷ್ಯಾದವನಿಗೆ ಒಂದು ಧೋತರ

ಎಪ್ಪತ್ತರ ದಶಕದಲ್ಲಿ ಸೊಲ್ಲಾಪುರದ ಟಾಕೀಸೊಂದಕ್ಕೆ ರಷ್ಯಾದ ಬ್ಯಾಲೆ ಕುಣಿತದ ಚಿತ್ರ ಬಂದಿತ್ತು. ನಮ್ಮ ಅಂಗಡಿಗೆ ಕಂಬಳಿ ತರುತ್ತಿದ್ದ ವಾಗದರಿಯ ಕುರಿಗಾರ ಮುತ್ಯಾನನ್ನೂ ಕರೆದುಕೊಂಡು ಹೋದೆ. ಮೈಗಂಟಿದ ಬಿಳಿ ಪೈಜಾಮದ ಗಂಡಸು ತೆರೆಯ ಮೇಲೆ ಬಂದದ್ದೇ ತಡ, ಜನ ಸಿಳ್ಳೆ ಹಾಕಿ ನಕ್ಕರು. ಮೂರ್ಖರು! ಅವನು ಜಿಗಿದರೆ ಕೆಳಗಿಳಿಯುವುದನ್ನೇ ಮರೆತವನಂತೆ ಗಾಳಿಯಲ್ಲಿ ನಿಲ್ಲುತ್ತಿದ್ದ. ಇಳಿದರೆ ಬೆಕ್ಕು ಇಳಿದಷ್ಟೂ ಸದ್ದಿಲ್ಲ.

ಮುತ್ಯಾ ಮಾತ್ರ ಕೈಮುಗಿದು ಎದ್ದು ನಿಂತ. ಕುರುಬರ ದೇವರು ಬೀರೋಬಾ ಮೈಮೇಲೆ ಬಂದು ಹೇಳಿಕೆ ಕೊಡುವವರಿಗೆ ಮಾಡುವಂತೆ ಚೀಲದಿಂದ ಭಂಡಾರ ತೆಗೆದು ತೂರಿದ. ಮುಂದಿನ ಸಾಲಿನವರ ತಲೆಯೆಲ್ಲ ಅರಿಸಿನ.

"ನನ್ನ ಟಗರ ಕಳದೈತಿ, ಎಲ್ಲೈತಿ ಹೇಳೋ ಯಪ್ಪಾ!" ಎಂದು ಕೂಗಿದ.

ಕುಣಿಯುವವನು ಒಂಟಿಕಾಲಲ್ಲಿ ನಿಂತು ನಿಧಾನವಾಗಿ ಬಲಗೈ ಚಾಚಿದ.

"ಅಕ್ಕಲಕೋಟ ದಿಕ್ಕ ತೋರಸ್ಯಾನ!" ಎಂದವನೇ ಮುತ್ಯಾ ಹೊರಟುಬಿಟ್ಟ.

ಮುಂದಿನ ವಾರ ಹೊಸ ಧೋತರ ಹಿಡಿದು ಅಂಗಡಿಗೆ ಬಂದ. ಟಗರು ಅಕ್ಕಲಕೋಟದಲ್ಲಿ ಮಗಳ ಹಿತ್ತಲಲ್ಲೇ ಸಿಕ್ಕಿತ್ತಂತೆ. ಹೇಳಿಕೆ ನಿಜವಾದರೆ ಹೇಳಿದವನಿಗೆ ಧೋತರ ಒಪ್ಪಿಸುವುದು ಅವರ ರೂಢಿ.

"ಇದನ್ನ ರಷ್ಯಾಕ್ಕ ಕಳಸ್ರಿ ಸಾವಕಾರ್ರ. ದೇವರು ಖರೇ ಅದಾನ. ಆದ್ರ ಪಾಪ, ಮ್ಯಾಲ ಉಡೂದು ಮರತ ಬಂದಾನ."